ನರದ ಸಂದೇಶವೂ ಹೊಲದ ವಿಷವೂ

ಮುಂಗಾರು ಮೊದಲಾದೊಡನೆ ಹಾಸನ ಸೀಮೆಯಲ್ಲಿ ಆಲೂಗೆಡ್ಡೆಯ ಬಿತ್ತನೆ ನಡೆಯುವುದು. ಅರಕಲಗೂಡಿನ ಕಡೆ ಹೊಗೆಸೊಪ್ಪು, ಹೊಳೆನರಸೀಪುರದ ಹೇಮಾವತಿಯ ಬಯಲಿನಲ್ಲಿ ಬತ್ತ, ಚನ್ನರಾಯಪಟ್ಟಣದಲ್ಲಿ ತೆಂಗು. ಹೀಗೆ ಬೆಳೆಗಳು ಬೇರೆಯಾದರೂ ಕೀಟನಾಶಕದ ಸೀಸೆಯು ಅನೇಕ ಬೇಸಾಯಗಾರರ ಮನೆಯ ಮೂಲೆಯನ್ನು ಸೇರಿರುವುದುಂಟು. ಆ ಸೀಸೆಗೂ ನಮ್ಮ ಕರುಳಿನ ಚಲನೆಗೂ ಇರುವ ಸಂಬಂಧವನ್ನು ಗೃಹಸ್ಥರು ಅರಿತಿರುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಕೈಕಾಲುಗಳ ಸ್ನಾಯುಗಳು ನಮ್ಮ ಇಚ್ಛೆಗೆ ಅಧೀನವಾದುವು. ಕರುಳು, ಮೂತ್ರಕೋಶ, ಶ್ವಾಸನಾಳ, ಕಣ್ಣಿನ ಪಾಪೆ ಇವುಗಳಲ್ಲಿರುವ ನಯಸ್ನಾಯುಗಳಾದರೋ ನಮ್ಮನ್ನು ಕೇಳದೆಯೇ ದುಡಿಯುವುವು. ರಾತ್ರಿ ಉಂಡ ಮುದ್ದೆಯು ನಾವು ಮಲಗಿರುವಾಗಲೂ ಮುಂದೆ ಸಾಗುವುದು ಇವುಗಳಿಂದಲೇ.

ಇವುಗಳಿಗೆ ಅಪ್ಪಣೆ ತಲುಪುವ ಬಗೆ ಯಾವುದು? 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ಆಟೋ ಲೋವಿಯೆಂಬ ವಿದ್ವಾಂಸರು ಕಪ್ಪೆಯ ಹೃದಯವೊಂದರ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯವನ್ನು ಆವರಿಸಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಕಲು ಅದೂ ನಿಧಾನವಾಯಿತು. ನರವು ಒಂದು ದ್ರವ್ಯದ ಮೂಲಕ ಮಾತನಾಡುವುದೆಂದು ಇದರಿಂದ ಸಿದ್ಧವಾಯಿತು. ಆ ದ್ರವ್ಯವೇ ಅಸಿಟೈಲ್‌ಕೋಲಿನ್. ಈ ವಿಷಯದ ಶೋಧನೆಗಾಗಿ ಲೋವಿಯವರಿಗೂ ಇಂಗ್ಲೆಂಡಿನ ಹೆನ್ರಿ ಡೇಲರಿಗೂ 1936ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ನಯಸ್ನಾಯುವಿನ ನಡುವೆ ಹಾಯುವ ನರದ ಎಳೆಯಲ್ಲಿ ಜಪಮಣಿಗಳಂತೆ ಉಬ್ಬುಗಳಿರುವುವು. ಅವುಗಳಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಸ್ನಾಯುವಿನ ಜೀವಕೋಶದ ಮೇಲಿನ ಗ್ರಾಹಕಗಳಿಗೆ ಅಂಟುವುದು. ಒಳಗೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ ಏರಿ ಜೀವಕೋಶವು ಕುಗ್ಗುವುದು. ಆದರೆ ಎತ್ತಿಗೆ 'ನಡೆ' ಎಂದವನು 'ನಿಲ್ಲು' ಎಂದೂ ಹೇಳಬೇಕಷ್ಟೆ. ಅದಕ್ಕಾಗಿ ಅಲ್ಲಿರುವ ಕಿಣ್ವವೊಂದು ಆ ದ್ರವ್ಯವನ್ನು ಕ್ಷಣಮಾತ್ರದಲ್ಲಿ ಒಡೆದುಹಾಕುವುದು.

ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುವುವು. ಅಪ್ಪಣೆಯು ಅಳಿಯದೆ ಉಳಿಯುವುದು. ಆಗ ಹೊಟ್ಟೆ ಹಿಂಡುವುದು, ಭೇದಿಯಾಗುವುದು, ಜೊಲ್ಲು ಬೆವರು ಸುರಿಯುವುವು, ಪಾಪೆ ಸೂಜಿಮೊನೆಯಷ್ಟಾಗುವುದು, ಶ್ವಾಸನಾಳ ಬಿಗಿದು ಕಫ ತುಂಬುವುದು. ಕುಡಿದರಷ್ಟೇ ಅಲ್ಲ, ಚರ್ಮದ ಮೂಲಕವೂ ಉಸಿರಿನ ಮೂಲಕವೂ ಈ ವಿಷವು ಒಳಸೇರಬಲ್ಲುದು.

ಇದಕ್ಕೆ ವೈದ್ಯರು ಕೊಡುವ ಅಟ್ರೋಪಿನ್ ಗ್ರಾಹಕಗಳನ್ನು ಮುಚ್ಚಿ ಆ ಅಪ್ಪಣೆಯನ್ನು ತಡೆಯುವುದು. ಅದು ದೊರೆಯುವುದು ಆಲೂಗೆಡ್ಡೆಯ ಕುಲಕ್ಕೇ ಸೇರಿದ ಗಿಡಗಳಿಂದ. ಬೇಲಿಯ ಉಮ್ಮತ್ತಿಯೂ ಅದೇ ಕುಲದ್ದೇ. ಆದರೆ ಅದರ ಕಾಯಿ ತಾನೇ ಒಂದು ವಿಷವಾದುದರಿಂದ ಮನೆಮದ್ದೆಂದು ಎಂದಿಗೂ ಕೊಡತಕ್ಕದ್ದಲ್ಲ. ಉಸಿರಾಟದ ಸ್ನಾಯುಗಳು ಸೋತರೆ ಅಟ್ರೋಪಿನ್ ಒಂದೇ ಸಾಲದು. ಯಂತ್ರದ ಆಸರೆಯೂ ಬೇಕಾಗುವುದು.

ಆದಕಾರಣ ರೋಗಿಯ ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ವಾಂತಿ ಮಾಡಿಸಲು ಯತ್ನಿಸದೆ, 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯತಕ್ಕದ್ದು. ತೊಳೆಯುವವರು ವಿಷವು ತಮ್ಮ ಕೈಗೆ ಸೋಕದಂತೆ ನೋಡಿಕೊಳ್ಳಬೇಕು. ಸೀಸೆಯ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ಇದೆಲ್ಲಕ್ಕಿಂತ ಮೊದಲು, ಈ ದಿನವೇ ಮನೆಯ ಮೂಲೆಯ ಆ ಸೀಸೆಗೆ ಬೀಗವಿರುವ ಜಾಗವೊಂದನ್ನು ಗೊತ್ತುಮಾಡಿರಿ. ಎಣ್ಣೆಯ ಅಥವಾ ಪಾನಕದ ಬಾಟಲಿಗೆ ಅದನ್ನು ಎಂದಿಗೂ ಸುರಿದಿಡಬೇಡಿರಿ. ಮಕ್ಕಳು ಬಾಟಲಿಯ ಗುರುತು ನೋಡುವರೇ ಹೊರತು ಒಳಗಿರುವುದನ್ನು ವಿಚಾರಿಸುವುದಿಲ್ಲ.