ಕ್ರ್ಯಾಂಕ್ ಸೀಲ್

ಕ್ರ್ಯಾಂಕ್ ಸೀಲ್ ಎಂಬುದು ಎಂಜಿನ್ನಿನ ಕ್ರ್ಯಾಂಕ್ ದಂಡವು ಕ್ರ್ಯಾಂಕ್‌ಕೇಸ್‌ನಿಂದ ಹೊರಬರುವ ಸ್ಥಳದಲ್ಲಿ ಕೂರಿಸಲಾಗುವ ಉಂಗುರಾಕಾರದ ಬಿಡಿಭಾಗ. ತಿರುಗುವ ದಂಡಕ್ಕೂ ಸ್ಥಿರವಾದ ಕವಚಕ್ಕೂ ನಡುವಿನ ಸಂದನ್ನು ಮುಚ್ಚುವುದು ಇದರ ಕೆಲಸ. ಚೈನ್‌ಸಾ, ಕಳೆ ಕೊಚ್ಚುವ ಯಂತ್ರ, ಮೊಪೆಡ್ ಮೊದಲಾದವುಗಳ ಸಣ್ಣ ಎಂಜಿನ್‌ಗಳಲ್ಲಿ ಎರಡು ಸೀಲ್‌ಗಳಿದ್ದು, ಒಂದು ಫ್ಲೈವೀಲ್ ಬದಿಯಲ್ಲಿಯೂ ಇನ್ನೊಂದು ಸಾಮಾನ್ಯವಾಗಿ ಕ್ಲಚ್ ಬದಿಯಲ್ಲಿಯೂ ಇರುತ್ತವೆ. ಆದ್ದರಿಂದ ಸೀಲ್ ಮತ್ತು ಕ್ಲಚ್‌ಗಳ ದುರಸ್ತಿಯನ್ನು ಹೆಚ್ಚಾಗಿ ಒಟ್ಟಿಗೆ ಕೈಗೊಳ್ಳಲಾಗುತ್ತದೆ.

ರಚನೆ ಮತ್ತು ಕಾರ್ಯ

ಲೋಹದ ಹೊರಬಳೆ, ದಂಡವನ್ನು ತಬ್ಬಿ ಹಿಡಿಯುವ ರಬ್ಬರ್ ತುಟಿ ಮತ್ತು ಆ ತುಟಿಯನ್ನು ಬಿಗಿಯಾಗಿಡುವ ಸುರುಳಿ ಸ್ಪ್ರಿಂಗ್ ಸೀಲ್‌ನ ಮುಖ್ಯ ಭಾಗಗಳು. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಸೀಲ್ ಎಣ್ಣೆಯನ್ನು ಒಳಗೆ ತಡೆಹಿಡಿದರೆ ಸಾಕು. ಎರಡು ಸ್ಟ್ರೋಕ್ ಎಂಜಿನ್‌ನಲ್ಲಾದರೋ ಕ್ರ್ಯಾಂಕ್‌ಕೇಸ್ ಸ್ವತಃ ಒಂದು ಪಂಪ್. ಪಿಸ್ಟನ್ ಮೇಲೇರುವಾಗ ಅಲ್ಲಿ ನಿರ್ವಾತ ಉಂಟಾಗಿ ಇಂಧನ ಮಿಶ್ರಣ ಒಳಬರುತ್ತದೆ. ಕೆಳಗಿಳಿಯುವಾಗ ಒತ್ತಡವುಂಟಾಗಿ ಅದು ಸಿಲಿಂಡರ್ ಸೇರುತ್ತದೆ. ಹೀಗಾಗಿ ಸೀಲ್ ಒತ್ತಡ, ನಿರ್ವಾತ ಎರಡನ್ನೂ ತಡೆದುಕೊಳ್ಳಬೇಕಾಗುತ್ತದೆ.

ಸೋರಿಕೆಯ ಕಾರಣ ಮತ್ತು ಪರಿಣಾಮ

ಶಾಖ ಹಾಗೂ ಕಾಲಾಂತರದಲ್ಲಿ ರಬ್ಬರ್ ಗಟ್ಟಿಯಾಗುವುದು, ಬಹುಕಾಲ ಬಳಸದೆ ಇಡುವುದು, ದಂಡದ ಮೇಲೆ ತುಕ್ಕು ಅಥವಾ ಗೀರು ಬೀಳುವುದು ಮತ್ತು ಮುಖ್ಯ ಬೇರಿಂಗ್ ಸವೆದು ದಂಡ ಅಲುಗಾಡುವುದು ಸೋರಿಕೆಯ ಸಾಮಾನ್ಯ ಕಾರಣಗಳು.

ಸೀಲ್ ಸಡಿಲಗೊಂಡಾಗ ಕಾರ್ಬ್ಯುರೇಟರ್ ದಾಟಿ ಬಾರದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ನಿನ ವೇಗ ತಾನಾಗಿ ಏರಿಳಿಯುತ್ತದೆ. ಥ್ರಾಟಲ್ ಬಿಟ್ಟರೂ ಕೂಡಲೇ ಇಳಿಯುವುದಿಲ್ಲ. ಎರಡು ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಬೇಕಾದ ಎಣ್ಣೆಯೂ ಪೆಟ್ರೋಲಿನೊಡನೆಯೇ ಬರುವುದರಿಂದ, ಮಿಶ್ರಣ ತೆಳುವಾದರೆ ಶಾಖ ಹೆಚ್ಚುವುದರ ಜೊತೆಗೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳಬಹುದು. ಕಾರ್ಬ್ಯುರೇಟರ್ ತಿರುಪನ್ನು ತಿರುಗಿಸಿ ವೇಗವನ್ನು ಸರಿಪಡಿಸಿದರೆ ಲಕ್ಷಣ ಮರೆಯಾಗುತ್ತದೆಯೇ ಹೊರತು ದೋಷ ಉಳಿದೇ ಇರುತ್ತದೆ.

ಕ್ಲಚ್‌ನೊಂದಿಗಿನ ಸಂಬಂಧ

ಚೈನ್‌ಸಾ ಮುಂತಾದವುಗಳಲ್ಲಿ ಕೇಂದ್ರಾಪಗಾಮಿ ಕ್ಲಚ್ ಇರುತ್ತದೆ. ನಿಧಾನಗತಿಯಲ್ಲಿ ಸ್ಪ್ರಿಂಗ್‌ಗಳು ಕ್ಲಚ್ ಶೂಗಳನ್ನು ಒಳಕ್ಕೆ ಎಳೆದಿಟ್ಟಿರುತ್ತವೆ. ವೇಗ ಹೆಚ್ಚಿದಾಗ ಶೂಗಳು ಹೊರಚಾಚಿ ಡ್ರಮ್ಮನ್ನು ತಿರುಗಿಸುತ್ತವೆ. ನಿಧಾನಗತಿಯಲ್ಲಿಯೂ ಸರಪಳಿ ಓಡುತ್ತಿದ್ದರೆ ಅದು ಅಪಾಯಕರ. ಸ್ಪ್ರಿಂಗ್ ಸಡಿಲವಾಗಿರುವುದು ಅಥವಾ ಮುರಿದಿರುವುದು, ಡ್ರಮ್ಮಿನ ಬೇರಿಂಗ್ ಬಿಗಿದಿರುವುದು ಇದಕ್ಕೆ ಕಾರಣವಿರಬಹುದು. ಸೀಲ್ ಸೋರಿ ಎಂಜಿನ್ನಿನ ವೇಗ ಏರಿದ್ದರೂ ಇದೇ ಲಕ್ಷಣ ಕಾಣುವುದರಿಂದ, ಕ್ಲಚ್ ಬದಲಿಸುವ ಮೊದಲು ಸೀಲ್ ಪರೀಕ್ಷಿಸುವುದು ಸೂಕ್ತ. ಶೂಗಳಿಗೆ ಎಣ್ಣೆ ತಗುಲಿದರೆ ಕ್ಲಚ್ ಜಾರಿ ಡ್ರಮ್ ಕಾಯುತ್ತದೆ. ನೀಲಿಗಟ್ಟಿದ ಡ್ರಮ್ ಅತಿಯಾದ ಶಾಖದ ಗುರುತು. ಸ್ಪ್ರಿಂಗ್‌ಗಳನ್ನು ಒಂದೊಂದಾಗಿ ಬದಲಿಸದೆ ಜೊತೆಯಾಗಿಯೇ ಬದಲಿಸಲಾಗುತ್ತದೆ.

ಪರೀಕ್ಷೆ

ಒಳದಾರಿ ಹಾಗೂ ನಿಷ್ಕಾಸ ದಾರಿಗಳನ್ನು ಮುಚ್ಚಿ, ಕೈಪಂಪಿನಿಂದ ಸುಮಾರು 0.5 ಬಾರ್ ಒತ್ತಡ ತುಂಬಿ, ಮಾಪಕದ ಮುಳ್ಳು ಇಳಿಯುವುದೇ ಎಂದು ನೋಡಲಾಗುತ್ತದೆ. ಸಾಬೂನು ನೀರು ಹಚ್ಚಿದಾಗ ಗುಳ್ಳೆ ಏಳುವ ಜಾಗವೇ ಸೋರಿಕೆಯ ಜಾಗ. ಒತ್ತಡಕ್ಕೆ ಇನ್ನಷ್ಟು ಬಿಗಿಯಾಗುವ ತುಟಿ ನಿರ್ವಾತದಲ್ಲಿ ಸೋರಬಹುದಾದ್ದರಿಂದ ನಿರ್ವಾತ ಪರೀಕ್ಷೆಯೂ ಅಗತ್ಯ.

ಬದಲಿಸುವ ವಿಧಾನ

ಕೆಲಸ ಆರಂಭಿಸುವ ಮುನ್ನ ಸ್ಪಾರ್ಕ್ ಪ್ಲಗ್ ತೆಗೆಯಬೇಕು. ಕ್ರ್ಯಾಂಕ್ ದಂಡ ತಿರುಗದಂತೆ ಪ್ಲಗ್ ರಂಧ್ರದ ಮೂಲಕ ಹಗ್ಗದ ತುಂಡನ್ನು ಇಳಿಬಿಡುವುದು ರೂಢಿ. ಹಗ್ಗ ನಿಷ್ಕಾಸ ರಂಧ್ರಕ್ಕೆ ಸಿಲುಕದಂತೆ ಪಿಸ್ಟನ್ ಆ ರಂಧ್ರವನ್ನು ಮುಚ್ಚಿದ ಬಳಿಕವೇ ಇಳಿಬಿಡಬೇಕು. ಹೆಚ್ಚಿನ ಚೈನ್‌ಸಾಗಳ ಕ್ಲಚ್‌ಗೆ ಎಡಮರೆ ಇರುವುದರಿಂದ ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿ ಬಿಚ್ಚಬೇಕು. ಹಳೆಯ ಸೀಲನ್ನು ಕೊಕ್ಕೆಯಿಂದ ಎಬ್ಬಿಸುವಾಗ ದಂಡಕ್ಕಾಗಲೀ ಕವಚಕ್ಕಾಗಲೀ ಗೀರು ಬೀಳಬಾರದು. ಈ ಹಂತದಲ್ಲಿ ದಂಡವನ್ನು ಅಲುಗಾಡಿಸಿ ನೋಡಬೇಕು. ಬೇರಿಂಗ್ ಸವೆದಿದ್ದರೆ ಹೊಸ ಸೀಲ್ ಕೂಡ ಬೇಗನೆ ಹಾಳಾಗುತ್ತದೆ. ದಂಡದ ಮರೆಗಳಿಗೆ ತೆಳುವಾದ ಟೇಪ್ ಸುತ್ತಿ, ತುಟಿಗೆ ಎಣ್ಣೆ ಸವರಿ, ಸೀಲ್‌ನ ಹೊರಬಳೆಯ ಅಳತೆಯ ಕೊಳವೆಯಿಂದ ಸಮವಾಗಿ ತಟ್ಟಿ ಹೊಸದನ್ನು ಕೂರಿಸಬೇಕು. ಜೋಡಣೆಯ ಬಳಿಕ ಒತ್ತಡ ಮತ್ತು ನಿರ್ವಾತ ಪರೀಕ್ಷೆಗಳನ್ನು ಮತ್ತೊಮ್ಮೆ ನಡೆಸಿ, ಅನಂತರವೇ ಕಾರ್ಬ್ಯುರೇಟರ್ ಹೊಂದಿಸಬೇಕು.

ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್‌ಗಳು ಎರಡು ಸ್ಟ್ರೋಕ್‌ನವು. ಅವುಗಳ ಬಹುಫಲಕ ಕ್ಲಚ್ ಎಣ್ಣೆಯಲ್ಲಿ ಕೆಲಸ ಮಾಡುತ್ತದೆ. ಇಂತಹ ವಾಹನಗಳಲ್ಲಿ ಕ್ಲಚ್ ಬದಿಯ ಸೀಲ್ ಸೋರಿದರೆ ಗಾಳಿಯ ಬದಲು ಆ ಎಣ್ಣೆಯೇ ಎಂಜಿನ್ ಸೇರಿ ಉರಿಯುತ್ತದೆ. ದಟ್ಟವಾದ ಹೊಗೆ ಬರುವುದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೂ ಎಣ್ಣೆಯ ಮಟ್ಟ ಇಳಿಯುತ್ತಿರುವುದು ಇದರ ಲಕ್ಷಣಗಳು.