ಲೆಕ್ಕ ಮಾಡಿದ ಬಗೆಯನ್ನು ಬರೆಸುವುದು: ಗಣಿತ ಕಲಿಕೆಗೆ ಬರವಣಿಗೆಯ ನೆರವು

ಶಾಲಾ ಭೇಟಿಯ ಸಂದರ್ಭದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಮಕ್ಕಳ ಗಣಿತ ಕಲಿಕೆಯನ್ನು ಪರಿಶೀಲಿಸಲು ಸಾಮಾನ್ಯವಾಗಿ ಮಗ್ಗಿ ಕೇಳುತ್ತಾರೆ, ಇಲ್ಲವೇ ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಕೊಡುತ್ತಾರೆ. ಉತ್ತರ ಸರಿಯಾದರೆ ಚಪ್ಪಾಳೆ, ತಪ್ಪಾದರೆ ಶಿಕ್ಷಕರತ್ತ ಒಂದು ನೋಟ. ಮಗು ಆ ಉತ್ತರಕ್ಕೆ ಹೇಗೆ ಬಂದಿತೆಂಬುದು ಎರಡರಿಂದಲೂ ತಿಳಿಯುವುದಿಲ್ಲ. ಅದನ್ನು ತಿಳಿಯಲು ಹೆಚ್ಚು ಖರ್ಚಿಲ್ಲದ ಮಾರ್ಗವೊಂದಿದೆ: ಲೆಕ್ಕ ಮಾಡಿದ ಬಗೆಯನ್ನು ಮಗುವಿನಿಂದಲೇ ಎರಡು ಮೂರು ವಾಕ್ಯಗಳಲ್ಲಿ ಬರೆಸುವುದು.

402ರಿಂದ 178ನ್ನು ಕಳೆಯುವಂತೆ ನಾಲ್ಕನೇ ತರಗತಿಯ ಮಗುವಿಗೆ ಹೇಳಲಾಗಿದೆ ಎಂದಿಟ್ಟುಕೊಳ್ಳೋಣ. ಸರಿಯುತ್ತರ 224, ಮಗು 376 ಎಂದು ಬರೆದಿದೆ. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ ಪುಸ್ತಕ ಹಿಂತಿರುಗಿಸಿದರೆ ಯಾರಿಗೂ ಏನೂ ತಿಳಿದಂತಾಗಲಿಲ್ಲ. ಅದೇ ಮಗು "2ರಲ್ಲಿ 8 ಹೋಗುವುದಿಲ್ಲ, ಅದಕ್ಕೆ 8ರಲ್ಲಿ 2 ಕಳೆದೆ" ಎಂದು ಬರೆದರೆ ವಿಷಯ ಸ್ಪಷ್ಟವಾಗುತ್ತದೆ. ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯಬೇಕೆಂಬ ನಿಯಮವನ್ನು ಮಗು ತಾನೇ ಕಟ್ಟಿಕೊಂಡಿದೆ. ಇದು ಅಜಾಗರೂಕತೆಯಲ್ಲ. ಇಂತಹ ಮಗುವಿಗೆ ಇನ್ನೂ 20 ಲೆಕ್ಕ ಕೊಟ್ಟರೆ ತಪ್ಪು ನಿಯಮವೇ ಗಟ್ಟಿಯಾಗುತ್ತದೆ. ನೂರು ಕಡ್ಡಿಗಳ ಒಂದು ಕಟ್ಟನ್ನು ಹತ್ತರ ಹತ್ತು ಕಟ್ಟುಗಳಾಗಿ ಬಿಚ್ಚಿ ತೋರಿಸಿದರೆ ತಿದ್ದಲು ದಾರಿಯಾಗುತ್ತದೆ.

ಸದಸ್ಯರಿಗೆ ಇದು ಅಪರಿಚಿತ ವಿಚಾರವೇನಲ್ಲ. ಚರಂಡಿ ಕಾಮಗಾರಿಯ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಮಾತ್ರ ನಮೂದಿಸಿ, ಯಾವ ಕೆಲಸ, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಯದಿದ್ದರೆ ಆ ಅಂಕಿಗಳನ್ನು ಯಾರೂ ನಂಬುವುದಿಲ್ಲ. ಅಂಕಿಗೆ ವಿವರಣೆ ಬೇಕೆಂದು ಗುತ್ತಿಗೆದಾರರನ್ನು ಕೇಳುವ ನಾವು ಮಕ್ಕಳನ್ನು ಮಾತ್ರ ಬರಿಯ ಉತ್ತರಕ್ಕಾಗಿ ಕೇಳುತ್ತಿದ್ದೇವೆ.

ಎರಡನೆಯ ಬಗೆಯ ಬರವಣಿಗೆ ಎಂದರೆ ಮಕ್ಕಳೇ ಲೆಕ್ಕಗಳನ್ನು ರಚಿಸುವುದು. 50ನ್ನು 8ರಿಂದ ಭಾಗಿಸಿದರೆ 6 ಬಂದು 2 ಉಳಿಯುತ್ತದೆ. ಕೃಷ್ಣರಾಜನಗರದ ಒಂದು ಮಗು ಇದಕ್ಕೆ 50 ಮೂಟೆ ಭತ್ತವನ್ನು ಸಲಕ್ಕೆ 8ರಂತೆ ಗಾಡಿಯಲ್ಲಿ ಸಾಗಿಸುವ ಕಥೆ ಬರೆದರೆ ಗಾಡಿ 7 ಸಲ ಹೋಗಬೇಕು. ಇನ್ನೊಂದು ಮಗು 50 ರೂಪಾಯಿಗೆ 8 ರೂಪಾಯಿಯ ನೋಟ್ ಪುಸ್ತಕ ಕೊಳ್ಳುವ ಕಥೆ ಬರೆದರೆ ಬರುವುದು 6 ಪುಸ್ತಕ, ಕೈಯಲ್ಲಿ ಉಳಿಯುವುದು 2 ರೂಪಾಯಿ. ಅಂಕಿ ಒಂದೇ, ಉತ್ತರ ಎರಡು; ವ್ಯತ್ಯಾಸವಿರುವುದು ಮಾತಿನಲ್ಲಿ. ಹುಣಸೂರು, ಪಿರಿಯಾಪಟ್ಟಣದ ಮಕ್ಕಳಿಗೆ ಹೊಗೆಸೊಪ್ಪಿನ ಬೇಲು, ಹರಾಜಿನ ದರ, ಕಿಲೋ ಲೆಕ್ಕ ಮನೆಮಾತಿನಲ್ಲಿಯೇ ಬಂದಿರುತ್ತದೆ. (ಮಕ್ಕಳನ್ನು ಬ್ಯಾರನ್ ಕೆಲಸಕ್ಕೆ ಕಳುಹಿಸಬೇಕೆಂದು ಇದರ ಅರ್ಥವಲ್ಲ.) ಬಾಯಿಲೆಕ್ಕದಲ್ಲಿ ಚುರುಕಾಗಿರುವ ಇಂತಹ ಮಕ್ಕಳೇ ಪ್ರೌಢಶಾಲೆಯಲ್ಲಿ ವಾಕ್ಯರೂಪದ ಲೆಕ್ಕಗಳ ಮುಂದೆ ತಡವರಿಸಿ, ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಅನುತ್ತೀರ್ಣರಾಗಿ ಓದು ನಿಲ್ಲಿಸಿದರೆ ಆ ನಷ್ಟ ಗ್ರಾಮದ್ದೇ.

ಮಾತಿನಲ್ಲಿ ಲೆಕ್ಕ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ. 12ನೇ ಶತಮಾನದ ರಾಜಾದಿತ್ಯನು ತನ್ನ 'ವ್ಯವಹಾರಗಣಿತ'ದಲ್ಲಿ ನಿತ್ಯವ್ಯವಹಾರದ ಲೆಕ್ಕಗಳನ್ನು ಕನ್ನಡದಲ್ಲಿಯೇ ನಿರೂಪಿಸಿದ್ದಾನೆ. ಇತ್ತೀಚಿನ ಇತಿಹಾಸಕ್ಕೆ ದೂರ ಹೋಗಬೇಕಿಲ್ಲ: ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಪರಿಚಿತವಾಗಿರುವ ನಲಿ-ಕಲಿ ಪದ್ಧತಿಯು 1995ರಲ್ಲಿ ಆಂಧ್ರಪ್ರದೇಶದ ರಿಷಿ ವ್ಯಾಲಿಯ ಮಾದರಿಯನ್ನು ನೋಡಿ, ಯುನಿಸೆಫ್ ನೆರವಿನಿಂದ ಆರಂಭವಾದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಶಿಕ್ಷಕರೇ ಕಾರ್ಡುಗಳನ್ನು ರೂಪಿಸಿ, ಪ್ರತಿ ಮಗು ತನ್ನ ವೇಗಕ್ಕೆ ತಕ್ಕಂತೆ ಕಲಿಕಾ ಏಣಿಯನ್ನು ಏರುವ ವ್ಯವಸ್ಥೆ ಅದು. ನಾಲ್ಕನೇ ತರಗತಿಯಲ್ಲಿ ಕಾರ್ಡು ಬಿಟ್ಟು ಪಠ್ಯಪುಸ್ತಕ ಹಿಡಿಯುವ ಮಕ್ಕಳಿಗೆ ಈ ಬರವಣಿಗೆ ಹೆಚ್ಚು ಉಪಯುಕ್ತ.

ಅದೇ ತಾಲ್ಲೂಕಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಇವರ ಮನೆಯ ನುಡಿ ಪಠ್ಯಪುಸ್ತಕದ ಕನ್ನಡವಲ್ಲ. ಮೊದಲ ದಿನವೇ ಶುದ್ಧ ವಾಕ್ಯ ನಿರೀಕ್ಷಿಸಿದರೆ ಗಣಿತದ ತೊಡಕಿನ ಮೇಲೆ ಭಾಷೆಯ ತೊಡಕನ್ನೂ ಹೇರಿದಂತಾಗುತ್ತದೆ. ಮೊದಲು ತಮ್ಮ ನುಡಿಯಲ್ಲಿ ಹೇಳಲಿ, ಚಿತ್ರ ಬರೆಯಲಿ, ಬಳಿಕ ತಮ್ಮದೇ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲಿ. ಕಾಗುಣಿತದ ತಪ್ಪಿಗೆ ಗಣಿತದ ಅಂಕ ಕಳೆಯಬಾರದು. ಪಾಠ ನೋಡಿ ನಕಲು ಮಾಡಿಸುವುದು, ತಪ್ಪಿದ ಲೆಕ್ಕವನ್ನು ಹತ್ತು ಸಲ ಬರೆಸುವುದು ಇವು ಬರವಣಿಗೆಯ ಚಟುವಟಿಕೆಗಳೇ ಅಲ್ಲ.

ಬೋಧನೆ ಶಿಕ್ಷಕರ ಕಾರ್ಯ. ಅದರಲ್ಲಿ ಪಂಚಾಯಿತಿ ಕೈಹಾಕುವುದು ಸಲ್ಲದು. ಆದರೆ ಅವಕಾಶ ಕಲ್ಪಿಸುವುದು ಸಾಧ್ಯ. ವಾರಕ್ಕೆ ಒಂದು ಲೆಕ್ಕಕ್ಕೆ ಮಾತ್ರ ವಿವರಣೆ ಬರೆಸುವ ಬಗ್ಗೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಶಿಕ್ಷಕರೊಂದಿಗೆ ಚರ್ಚಿಸಬಹುದು. ಹೆಚ್ಚು ಮಕ್ಕಳಿರುವ ತರಗತಿಯಲ್ಲಿ ಎಲ್ಲವನ್ನೂ ಓದಿ ತಿದ್ದಲು ಅವರಿಗೆ ಸಮಯ ಸಾಲದು. ಅಕ್ಷರ ಫೌಂಡೇಶನ್ ಸಹಯೋಗದಲ್ಲಿ 4, 5 ಮತ್ತು 6ನೇ ತರಗತಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ನಡೆಯುವಲ್ಲಿ, ಕಾರಣ ಬರೆಯುವ ಒಂದು ಪ್ರಶ್ನೆಗೆ ಪಂಚಾಯಿತಿಯಿಂದ ಪ್ರತ್ಯೇಕ ಬಹುಮಾನ ಇಡಬಹುದು. ಮಕ್ಕಳು ರಚಿಸಿದ ಲೆಕ್ಕಗಳನ್ನು ಅರಿವು ಕೇಂದ್ರದ ಫಲಕದಲ್ಲಿ ಪ್ರದರ್ಶಿಸಬಹುದು. ಮಕ್ಕಳ ಗ್ರಾಮ ಸಭೆಗೆ ಮುನ್ನ ಶಾಲೆಯ ನೀರಿನ ತೊಟ್ಟಿಯನ್ನು ಅಳೆದು, ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ಮಕ್ಕಳಿಗೆ ಎಷ್ಟು ದಿನ ಸಾಕೆಂದು ಲೆಕ್ಕ ಸಮೇತ ಬರೆದು ತರಲು ಹೇಳಿದರೆ, ಅದನ್ನು ಸಭೆಯ ನಡಾವಳಿಗೆ ಲಗತ್ತಿಸಬಹುದು.

ಮುಂದಿನ ಶಾಲಾ ಭೇಟಿಯಲ್ಲಿ ಮಗ್ಗಿ ಕೇಳಿದ ಬಳಿಕ, "ಈ ಲೆಕ್ಕ ಹೇಗೆ ಮಾಡಿದೆ, ಬರೆದು ತೋರಿಸು ಮಗು" ಎಂದೂ ಕೇಳಬಹುದು. ಬರೆದು ಮುಗಿಸಲು ಐದು ನಿಮಿಷವಾದರೂ ಬೇಕಾಗುತ್ತದೆ. ಭೇಟಿಯ ವೇಳೆಯನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸಿಕೊಳ್ಳುವುದು.