ಬಿತ್ತನೆಯಂತೆ ಬಿಡುಗಡೆಗೂ ಹದವುಂಟು

ರಾಯಿಕೋಡು, ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಸೀಮೆಯಲ್ಲಿ ತೊಗರಿ ಬಿತ್ತುವ ರೈತನು ಮುಂಗಾರಿನ ಹದವನ್ನು ಕಾಯುತ್ತಾನೆ. ಒಂದು ಹೊಲದ ಹರಗುವ ಕೆಲಸ ಮುಗಿಯಲಿಲ್ಲವೆಂದು ಉಳಿದ ಹೊಲಗಳ ಬಿತ್ತನೆಯನ್ನು ಅವನು ನಿಲ್ಲಿಸುವುದಿಲ್ಲ. ಸಿದ್ಧವಾದುದನ್ನು ಬಿತ್ತಿ, ಸಿದ್ಧವಾಗದ ಹೊಲಕ್ಕೆ ಹಿಂಗಾರಿಯ ಜೋಳವನ್ನು ಗೊತ್ತುಮಾಡುತ್ತಾನೆ. ಈ ವಿವೇಕವನ್ನು ಕಂಪ್ಯೂಟರಿನ ಲೋಕವು ಬಹಳ ಪೆಟ್ಟು ತಿಂದು ಕಲಿಯಬೇಕಾಯಿತೆಂದರೆ ಓದುಗರಿಗೆ ಅಚ್ಚರಿಯೆನಿಸಬಹುದು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ವಿಚಾರ ದೂರದ್ದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರ ಪ್ರದೇಶಕ್ಕೆ ಸೇರಿದವು. ಇಂದು ಅವು ತೆಲಂಗಾಣದಲ್ಲಿವೆ. ಇಲ್ಲಿಯ ಆಡಳಿತ ಭಾಷೆ ಕನ್ನಡವಲ್ಲ. ಆದರೆ ಮುಕ್ತ ತಂತ್ರಾಂಶಕ್ಕೆ ರಾಜ್ಯದ ಎಲ್ಲೆಯಿಲ್ಲ. ಅದರ ಮೂಲ ಬರೆಹವು ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಅದನ್ನು ತಿದ್ದಬಹುದು, ತಮ್ಮ ಭಾಷೆಗೆ ತಂದುಕೊಳ್ಳಬಹುದು. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಗ್ನೋಮ್ ಮೊದಲಾದವು ಕನ್ನಡದಲ್ಲಿ ದೊರೆಯುವುದು ಈ ಸ್ವಾತಂತ್ರ್ಯದಿಂದಲೇ. ಇಂಥ ತಂತ್ರಾಂಶದ ಹೊಸ ಆವೃತ್ತಿ ತಡವಾದರೆ, ತಪ್ಪುಗಳನ್ನು ತಿದ್ದಿ ಮುಗಿಸಿದ್ದರೂ ಅದರ ಫಲವು ಬಳಕೆದಾರನ ಕೈಸೇರದು.

ವಿಳಂಬಕ್ಕೆ ಪ್ರಸಿದ್ಧ ನಿದರ್ಶನವೆಂದರೆ ಡೆಬಿಯನ್. ಲೋಕದ ನಾನಾ ಭಾಗಗಳ ಸ್ವಯಂಸೇವಕರು ಕೂಡಿ ಕಟ್ಟುತ್ತಿರುವ ಈ ವ್ಯವಸ್ಥೆಯ 3.0 ಆವೃತ್ತಿ 2002ರ ಜುಲೈಯಲ್ಲಿ ಹೊರಬಂದಿತು. ಅದರ ಮುಂದಿನ 3.1 ಬಂದದ್ದು 2005ರ ಜೂನ್ ತಿಂಗಳಲ್ಲಿ. ಕಂಪ್ಯೂಟರಿನಲ್ಲಿ ಅದನ್ನು ಅಳವಡಿಸುವ ಹೊಸ ಸಾಧನವು ಸಿದ್ಧವಾಗುವವರೆಗೆ ಮಿಕ್ಕೆಲ್ಲವೂ ಕಾಯಬೇಕಾದದ್ದು ಈ ವಿಳಂಬದ ಕಾರಣಗಳಲ್ಲೊಂದು.

ಇದರ ಮೂಲದಲ್ಲಿರುವುದು ಸೋಮಾರಿತನವಲ್ಲ, ಮನುಷ್ಯಸ್ವಭಾವ. ಮುಂದಿನ ಬಿಡುಗಡೆ ಯಾವಾಗಲೆಂದು ತಿಳಿಯದಿದ್ದಾಗ ಪ್ರತಿಯೊಬ್ಬನೂ ತನ್ನ ಅರೆಬೆಂದ ಕೆಲಸವನ್ನು ಈ ಸಲವೇ ಸೇರಿಸಲು ಹಟ ಹಿಡಿಯುತ್ತಾನೆ. ಅದನ್ನು ಬೇಯಿಸುವಷ್ಟರಲ್ಲಿ ಇನ್ನೊಬ್ಬನು ಮತ್ತೊಂದನ್ನು ತರುತ್ತಾನೆ. ಮುಂದಿನ ದಿನ ನಿಶ್ಚಿತವಾಗಿದ್ದರೆ ಕಾಯುವ ತಾಳ್ಮೆ ತಾನಾಗಿಯೇ ಬರುತ್ತದೆ. ಆದುದರಿಂದ ಕೆಲಸವನ್ನು ನೋಡಿ ದಿನವನ್ನು ಗೊತ್ತುಮಾಡುವುದಕ್ಕಿಂತ, ದಿನವನ್ನು ನೋಡಿ ಕೆಲಸವನ್ನು ಆಯ್ದುಕೊಳ್ಳುವುದೇ ವಿಳಂಬಕ್ಕೆ ಮದ್ದು.

ಗ್ನೋಮ್ ಬಳಗವು ಆರು ತಿಂಗಳಿಗೊಮ್ಮೆ ಬಿಡುಗಡೆಯೆಂಬ ಈ ಕ್ರಮವನ್ನು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಪಾಲಿಸಿಕೊಂಡು ಬಂದಿದೆ. ಡೆಬಿಯನ್ ಸಹ ಹೊಸ ಸೇರ್ಪಡೆಗಳಿಗೆ ಬಾಗಿಲು ಮುಚ್ಚುವ ಕಾಲವನ್ನು ಎರಡು ವರ್ಷಕ್ಕೊಮ್ಮೆ ಗೊತ್ತುಮಾಡುವುದೆಂದು 2009ರಲ್ಲಿ ಪ್ರಕಟಿಸಿತು. ಗಂಭೀರ ದೋಷವುಳ್ಳ ಭಾಗವು ಸಕಾಲಕ್ಕೆ ದುರಸ್ತಿಯಾಗದಿದ್ದರೆ ಅದನ್ನೇ ಆ ಆವೃತ್ತಿಯಿಂದ ಕೈಬಿಡಲಾಗುತ್ತದೆ. ಅಲ್ಲಿಂದೀಚೆಗೆ 2011ರಿಂದ 2025ರವರೆಗೆ ಎರಡೆರಡು ವರ್ಷಗಳ ಅಂತರದಲ್ಲಿ ಎಂಟು ಆವೃತ್ತಿಗಳು ಹೊರಬಂದಿವೆ.

ಇಲ್ಲಿ ಕನ್ನಡದ ಹಿತವೂ ಅಡಗಿದೆ. ತೆರೆಯ ಮೇಲೆ ಕಾಣುವ ಮಾತುಗಳು ಕೊನೆಯ ದಿನದವರೆಗೂ ಬದಲಾಗುತ್ತಿದ್ದರೆ, ಬೆರಳೆಣಿಕೆಯ ಕನ್ನಡ ಅನುವಾದಕರು ಏನು ಮಾಡಿಯಾರು? ತಂತ್ರಾಂಶ ಸಕಾಲಕ್ಕೆ ಹೊರಬಂದರೂ ಕನ್ನಡದ ನಡುನಡುವೆ ಇಂಗ್ಲಿಷಿನ ತೇಪೆ ಉಳಿಯುತ್ತದೆ. ಇದನ್ನು ತಪ್ಪಿಸಲು ಗ್ನೋಮ್ ಬಳಗದಲ್ಲಿ ಬಿಡುಗಡೆಗೆ ಕೆಲವು ವಾರಗಳ ಮೊದಲೇ ಆ ಮಾತುಗಳನ್ನು ಸ್ಥಿರಗೊಳಿಸುತ್ತಾರೆ. ಆ ಬಳಿಕ ಬದಲಾಯಿಸಬೇಕಾದರೆ ಅನುವಾದ ಬಳಗದ ಒಪ್ಪಿಗೆ ಬೇಕು. ದೊಡ್ಡ ಭಾಷೆಗಳಿಗೆ ಇದು ಅನುಕೂಲ, ಸಣ್ಣ ಬಳಗವುಳ್ಳ ಭಾಷೆಗಳಿಗೆ ಪ್ರಾಣ.

ಹಾಗೆಂದು ದಿನಾಂಕವನ್ನೇ ದೇವರೆಂದು ಪೂಜಿಸಬೇಕಾಗಿಲ್ಲ. ಏಪ್ರಿಲ್, ಅಕ್ಟೋಬರ್‌ಗಳಲ್ಲಿ ತಪ್ಪದೆ ಹೊರಬರುವ ಉಬುಂಟು, 2006ರಲ್ಲಿ ಏಪ್ರಿಲ್‌ನ ಆವೃತ್ತಿಯನ್ನು ಆರು ವಾರ ಮುಂದೂಡಿ ಜೂನ್ 1ರಂದು ಹೊರತಂದಿತು. ಹೆಚ್ಚಿನ ಪರೀಕ್ಷೆಗೂ ಅನುವಾದಗಳಿಗೂ ಕಾಲ ಬೇಕೆಂಬ ಕಾರಣವನ್ನು ಮುಂಚಿತವಾಗಿಯೇ ತಿಳಿಸಿ, ಹೊಸ ದಿನವನ್ನು ಗೊತ್ತುಮಾಡಿ, ಆ ಮಾತನ್ನು ಉಳಿಸಿಕೊಂಡಿತು. ಕಾರಣ ಹೇಳಿ ಮುಂದೂಡುವುದು ಬೇರೆ, ಹೇಳದೆ ಎಳೆದಾಡುವುದು ಬೇರೆ.

ಕನ್ನಡಕ್ಕಾಗಿ ಬಿಡುವಿನ ವೇಳೆಯಲ್ಲಿ ದುಡಿಯುವ ತರುಣ ತರುಣಿಯರ ಸಣ್ಣ ಬಳಗಗಳೂ ಈ ಪದ್ಧತಿಯನ್ನು ಅನುಸರಿಸಬಹುದು. ಮೊದಲು ದಿನ ಗೊತ್ತಾಗಲಿ. ಬಿಡುಗಡೆಯ ಹೊಣೆ ಒಬ್ಬರ ಹೆಗಲಿಗಿರಲಿ. ಮುಗಿಯದುದು ಮುಂದಿನ ಸರದಿಗೆ ಸರಿಯಲಿ. ಕನ್ನಡದ ಮಾತುಗಳಿಗೆ ಕೊನೆಯ ಕೆಲವು ವಾರ ಮೀಸಲಾಗಿರಲಿ. ಗಡಿಯಾಚೆಯ ಒಂದು ಮನೆಯಲ್ಲಿ ಕಂಪ್ಯೂಟರ್ ತೆರೆದ ಮಗುವಿಗೆ ತನ್ನ ನುಡಿಯು ಅರ್ಧವಾಗಿಯಲ್ಲ, ಪೂರ್ಣವಾಗಿ ಕಾಣಿಸಲು ಇಷ್ಟು ಶಿಸ್ತು ಅವಶ್ಯವೆಂದು ನಾವು ನಂಬುತ್ತೇವೆ.